ನೆಗಡಿಯಾದ ಕಪ್ಪೆ

ಮನೆಯಿಂದ, ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

‘ಬಾಯೊಳಗಿನ ಗುಬ್ಬಿ ಕರೆದರೆ ಬಾರದು’ ಎಂದು ನನ್ನ ತಲೆ ಬಾಚುವಾಗ ಗುನುಗುತ್ತಿದ್ದೆಯಲ್ಲ, ಅದರ ಮುಂದಿನ ಸಾಲೇನು? ‘ಸುಮ್ಮನಿದ್ದರೆ ಬಂದೀತು’ ಎಂದೋ, ‘ಸುಮ್ಮನಿದ್ದರೆ ಹಾರೀತು’ ಎಂದೋ? ಬೆಳಗಿನಿಂದ ಎರಡನ್ನೂ ಹೇಳಿ ನೋಡುತ್ತಿದ್ದೇನೆ. ಎರಡೂ ನಿನ್ನ ದನಿಯಲ್ಲೇ ಕೇಳಿಸುತ್ತವೆ. ಇಷ್ಟೆಲ್ಲ ಪದ್ಯ ಓದಿದವಳಿಗೆ ನೀನೇ ಕಟ್ಟಿದ ಒಂದು ಸಾಲು ನೆನಪಿಲ್ಲ, ನೋಡು.

ಮಂಡಿನೋವು ಹೇಗಿದೆ? ಮೆಟ್ಟಿಲಿಗೆ ತಮ್ಮ ಕಂಬಿ ಹಾಕಿಸಿದನಂತೆ. ಹಿಡಿದುಕೊಂಡೇ ಇಳಿ, ಬಿಂಕ ಬೇಡ. ಕನ್ನಡಕ ಸರಿಮಾಡಿಸಿಕೊಂಡೆಯಾ? ಈ ಪತ್ರವನ್ನು ಅವನ ಕೈಲಿ ಓದಿಸಬೇಡ. ನೀನೇ ನಿಧಾನವಾಗಿ ಓದಿಕೋ.

ಶುಕ್ರವಾರ ನಿನ್ನ ಮೊಮ್ಮಗಳ ಶಾಲೆಯವರು ಕರೆಸಿದ್ದರು. ನಿನಗೆ ಗೊತ್ತಲ್ಲ, ಪುಟ್ಟಿಯ ತರಗತಿಯಲ್ಲಿ ಊಟದ ಗಂಟೆಯವರೆಗೆ ನಮ್ಮ ಭಾಷೆ, ಆಮೇಲೆ ಈ ಊರಿನ ಭಾಷೆ. ಬೆಂಚಿಗೊಂದು ನಮ್ಮ ಮಗು, ಒಂದು ಊರಿನ ಮಗು, ಒಬ್ಬರಿಗೊಬ್ಬರು ಮಾತು ಕಲಿಸಬೇಕು. ಆ ಸೀಟಿಗಾಗಿ ನಾನೂ ಅವಳಪ್ಪನೂ ಎಷ್ಟು ಅಲೆದೆವು! ‘ಮನೇಲಿ ಪುಕ್ಕಟೆ ಸಿಗೋದಕ್ಕೆ ಹೋಗಿ ಸಾಲಲ್ಲಿ ನಿಲ್ತೀರಲ್ರೇ’ ಎಂದು ನೀನು ನಕ್ಕಿದ್ದೆ. ಈಗ ಮೂರು ತಿಂಗಳಿಂದ ಪುಟ್ಟಿ ಬೆಳಗಿನ ಹೊತ್ತು ಬಾಯಿಯೇ ಬಿಟ್ಟಿಲ್ಲವಂತೆ. ಊಟವಾದದ್ದೇ ತಡ, ಅರಳು ಹುರಿದ ಹಾಗೆ ಊರಿನ ಭಾಷೆ. ಮನೆಯಲ್ಲೂ ಅಷ್ಟೇ, ನಮ್ಮ ಭಾಷೆಯಲ್ಲಿ ಕೇಳಿದರೆ ತಲೆಯಾಡಿಸುತ್ತಾಳೆ. ಹೀಗಿದ್ದರೆ ಊರಿನ ಭಾಷೆಯೊಂದೇ ಇರುವ ತರಗತಿಗೆ ಹಾಕುವುದು ಒಳ್ಳೆಯದು ಎಂದು ಫಾರಂ ಕೊಟ್ಟರು. ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವಂತೆ ಕೂತು ಇಬ್ಬರೂ ರುಜು ಹಾಕಿಬಿಟ್ಟೆವು ಅಮ್ಮಾ. ಫಾರಂ ಅವಳ ಚೀಲದಲ್ಲಿದೆ. ನಾಳೆ ಕೊಡಬೇಕು.

ಮೂರು ತಿಂಗಳೆಂದರೆ ಶಾಲೆಯಲ್ಲಿ ಅಜ್ಜಿಯರಿಂದ ಕಥೆ ಹೇಳಿಸಿದ ದಿನದಿಂದ. ಟೀಚರು ಕೇಳಿದ್ದು ನೀನು ಮನೆಯಲ್ಲಿ ಹೇಳುವ ಕಥೆಯನ್ನೇ. ‘ನಮ್ಮಜ್ಜಿ ಬರ್ತಾರೆ’ ಎಂದು ಪುಟ್ಟಿ ವಾರವಿಡೀ ಕುಣಿದಿದ್ದಳು. ‘ಒಂದ್ ಕಪ್ಪೆ ಇತ್ತಂತೆ, ಅದಕ್ಕೆ ನೆಗಡಿ ಆಗಿತ್ತಂತೆ’ ಎಂದು ಶುರುಮಾಡಿ, ಸೀನಿ ಸೀನಿ ನೀನು ಮುಗಿಸಿದ್ದರೆ ಸಾಕಿತ್ತು. ನಾನು ಬಿಟ್ಟರೆ ತಾನೇ? ಶಾಲೆಯೆಂದರೆ ಶುದ್ಧವಾಗಿರಬೇಕೆಂದು ಎರಡು ಹಾಳೆ ಬರೆದುಕೊಟ್ಟೆ: ‘ಸರೋವರವೊಂದರಲ್ಲಿ ಶೀತಬಾಧೆಯಿಂದ ಬಳಲುತ್ತಿದ್ದ ಮಂಡೂಕವಿತ್ತು.’ ‘ಇದು ನನ್ ಕಪ್ಪೆ ಅಲ್ವಲ್ಲೇ’ ಎಂದೆ ನೀನು. ಆದರೂ ನನ್ನ ಮಾತಿಗೆ ಕಟ್ಟುಬಿದ್ದು ಹಾಳೆ ಹಿಡಿದು ನಿಂತೆ. ಶೀತಬಾಧೆಯ ಹತ್ತಿರ ತಡವರಿಸಿದೆ, ಬೆರಳಿಟ್ಟು ಹುಡುಕಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ. ಗೋಡೆಗೊರಗಿ ನಿಂತಿದ್ದ ನಾನು ಅಲ್ಲಿಂದಲೇ ಗಟ್ಟಿಯಾಗಿ ತಿದ್ದಿದೆ, ಮಕ್ಕಳೆದುರಿಗೇ, ಮೂರು ಸಲ. ಪುಟ್ಟಿ ಬೆಂಚಿನ ಮೇಲೆ ಮುಖವಿಟ್ಟಳು. ಅದರ ಮುಂದಿನ ವಾರ ‘ಸ್ವಲ್ಪ ದಿನ ನಿನ್ ತಮ್ಮನ ಹತ್ರ ಇದ್ದು ಬರ್ತೀನಿ’ ಎಂದೆ ನೀನು. ನಿನ್ನ ಪೆಟ್ಟಿಗೆಯನ್ನು ನಾನೇ ಕಟ್ಟಿದೆ. ಹೋಗಬೇಡ ಎನ್ನಲಿಲ್ಲ.

ಅಜ್ಜಿಯಿಂದ ಮಗುವಿಗೆ ಅವಮಾನವಾಯಿತು, ಅದಕ್ಕೇ ನಮ್ಮ ಭಾಷೆ ಬಿಟ್ಟಳು ಎಂದು ಶುಕ್ರವಾರ ಟೀಚರಿಗೂ ಹೇಳಿಬಂದೆ. ಹಾಗೆಂದೇ ನಂಬಿದ್ದೆ. ನಿನಗೆ ಬಾ ಎನ್ನಲು ನನಗೆ ಮುಖವಿಲ್ಲ. ತಮ್ಮನನ್ನೂ ಅವನ ಹೆಂಡತಿಯನ್ನೂ ಕೇಳಿದೆನೆಂದು ಹೇಳು. ನನ್ನ ಮೇಲೆ ಎಷ್ಟಾದರೂ ಸಿಟ್ಟಿರಲಿ, ಪುಟ್ಟಿಯನ್ನು ಮನಸ್ಸಿನಲ್ಲೇ ಹರಸು.

ನಿನ್ನ ಮಡಿಲಲ್ಲಿ ತಲೆಯಿಟ್ಟು,
ನಿನ್ನ ದೊಡ್ಡವಳು

ಮತ್ತೆ: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಹೊಲಿಗೆಯವಳು. ಅವಳ ಮಗಳೇ ಪುಟ್ಟಿಯ ಬೆಂಚಿನ ಜೋಡಿ. ಫಾರಂ ವಿಷಯ ಮಗಳಿಂದ ತಿಳಿದು ಓಡಿಬಂದಿದ್ದಳು. ಪುಟ್ಟಿ ದಿನಾ ಸಂಜೆ ಇವಳ ಮಿಷನ್ನಿನ ಪಕ್ಕ ಕೂತು ಆ ಹುಡುಗಿಗೆ ಕಪ್ಪೆಯ ಕಥೆ ಹೇಳುತ್ತಾಳಂತೆ, ನಮ್ಮ ಭಾಷೆಯಲ್ಲೇ, ನಿನ್ನ ಹಾಗೆಯೇ ಸೀನಿ ಸೀನಿ. ಮತ್ತೆ ನನ್ನೆದುರು ಯಾಕೆ ಒಂದು ಮಾತೂ ಇಲ್ಲ ಎಂದೆ. ಒಳಗೆ ಬಾ ಎಂದರೂ ಬರದೆ, ಹೊಸ್ತಿಲಾಚೆ ನಿಂತು ತನ್ನ ಭಾಷೆಯಲ್ಲಿ ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ತಿದ್ದದೆ:

“ನಾನೂ ಅದನ್ನೇ ಕೇಳ್ದೆ ಅಕ್ಕಾ. ತಪ್ಪಾಗಿ ಮಾತಾಡಿದ್ರೆ ಅಮ್ಮ ಪೆಟ್ಟಿಗೆ ಕಟ್ತಾರೆ, ಅಜ್ಜಿಗೆ ಕಟ್ಟಿದ್ರಲ್ಲ, ಅಂದ್ಲು.”