ಗುಡ್ಡವಿಲ್ಲದ ಊರಿನ ಗಿಯರು

ಅಪ್ಪಾ,

ಮೊಣಕಾಲಿನ ಹೊಲಿಗೆ ಬಿಚ್ಚಿದರಾ? ಇಲ್ಲಿ ಗೋಧಿ ಕೊಯ್ಲು ಅರ್ಧ ಮುಗಿದಿದೆ. ನನಗೊಂದು ವಿಷಯ ಅರ್ಥವೇ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಹಳೇ ಲಾರಿಗೆ ಹೊಸ ದೊಡ್ಡ ಎಂಜಿನ್ ಹಾಕಿಸಿದೆ. ಎಂಜಿನ್ನಿಗೆ ವಯಸ್ಸಾಗಿದೆ, ಗಂಟೆಗೆ ನಲವತ್ತೈದು ಮೈಲಿಗಿಂತ ಜೋರಾಗಿ ಓಡುವುದಿಲ್ಲ ಎಂದು ನೀನೇ ತಾನೇ ಹೇಳುತ್ತಿದ್ದದ್ದು? ಹೊಸದೂ ನಲವತ್ತೈದಕ್ಕೇ ಕಿರುಚಿಕೊಳ್ಳುತ್ತದೆ!

ಮೆಕ್ಯಾನಿಕ್ ಓರ್ವಿಲ್ ಲಾರಿಯ ಕೆಳಗೆ ತೂರಿ ನೋಡಿದ. "ಎಂಜಿನ್ನಿಂದೇನೂ ತಪ್ಪಿಲ್ಲ ಕಣಮ್ಮ ವರ್ಲಾ. ಹಿಂದಿನ ಆಕ್ಸಲ್‌ಗೆ ಗುಡ್ಡ ಹತ್ತೋ ಲಾರಿ ಗಿಯರ್ ಹಾಕವ್ರೆ. ಚಕ್ರ ಒಂದ್ ಸುತ್ತು ಬರೋಕೆ ಎಂಜಿನ್ ಏಳು ಸುತ್ತು ಸುತ್ಬೇಕು, ಸ್ಪೀಡ್ ಎಲ್ಲಿಂದ ಬರುತ್ತೆ? ಈ ಕನ್ಸಾಸ್‌ನಲ್ಲಿ ಗುಡ್ಡ ಎಲ್ಲೈತೆ, ನಿಮ್ಮಪ್ಪಂಗೇನು ಹುಚ್ಚಾ?" ಎಂದ.

ಲಾರಿಯ ಮೂಲ ಗಿಯರು ಕೊಟ್ಟಿಗೆಯಲ್ಲಿ ಸಿಕ್ಕಿತು. ಗ್ರೀಸ್ ಬಳಿದು, ಡ್ವೇನ್ ಅಣ್ಣನ ಫುಟ್‌ಬಾಲ್ ಜರ್ಸಿಯಲ್ಲಿ ನೀನು ಸುತ್ತಿಟ್ಟಿದ್ದೆ.

ರೈಲಿಗಿಂತ ಮೊದಲು ಗೇಟು ದಾಟುತ್ತೇನೆಂದು ಗಾಡಿ ಜೋರಾಗಿ ಓಡಿಸಿಕೊಂಡು ಹೋಗಿ ಅಣ್ಣ ಸತ್ತ ವರ್ಷವೇ ನೀನು ನನಗೆ ಈ ಲಾರಿ ಕಲಿಸಿದ್ದು. ಎಷ್ಟು ತುಳಿದರೂ ಓಡದೆ ನಾನು ಅತ್ತಾಗ, "ಎಂಜಿನ್ ಹಳೇದು ಮಗಳೇ" ಅಂದಿದ್ದೆ.

ಮೂಲ ಗಿಯರನ್ನೇ ಹಾಕಲೇ ಎಂದು ಓರ್ವಿಲ್ ಕೇಳುತ್ತಿದ್ದಾನೆ. ಏನು ಹೇಳಲಿ? ನಿನ್ನ ಮೊಮ್ಮಗಳು ಕೇಲಿಗೆ ಮುಂದಿನ ತಿಂಗಳು ಲೈಸೆನ್ಸ್ ಬರುತ್ತದೆ. ಸದ್ಯಕ್ಕೆ ಆ ಗಿಯರನ್ನು ಜರ್ಸಿಯಲ್ಲೇ ಮತ್ತೆ ಸುತ್ತಿಟ್ಟಿದ್ದೇನೆ.

ಆದರೆ ಎಂಜಿನ್ ಹೊಸದೆಂದು ಅವಳಿಗೆ ಗೊತ್ತು. ಅವಳಿಗೆ ಬೇರೇನು ಹೇಳಬೇಕು, ಬೇಗ ಬರೆದು ತಿಳಿಸು.

ನಿನ್ನ ಮಗಳು,
ವರ್ಲಾ