ಉಸಿರುಗಂಡಿಯನ್ನು ತಲೆಯ ಮೇಲಿಡಿ

ಸೆಪ್ಟೆಂಬರ್ ೩೧, ೨೧೯೪
ಅಘನಾಶಿನಿ ಅಳಿವೆ

ಬ್ಯಾಟರಿ ದೋಣಿ ಕಟ್ಟಲು ಈಗಷ್ಟೇ ಕೈಹಾಕಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ; ಪಂಚಾಂಗವನ್ನು ನಾವು ತಿದ್ದಿಕೊಂಡು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಬ್ಯಾಟರಿ ತಾನಾಗಿಯೇ ಕಾದು, ಒಂದು ಕೋಶದಿಂದ ಇನ್ನೊಂದಕ್ಕೆ ಬಿಸಿ ದಾಟಿಸುತ್ತ ಹೋಗುವುದನ್ನು ನಾವು ಒಳಗುದಿ ಎನ್ನುತ್ತೇವೆ. ಆ ಹೆಸರನ್ನು ಇಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ನನ್ನ ಮಗಳು ಚಂಪಿ ನಡೆಸುತ್ತಿದ್ದ ದೋಣಿಗೆ ಒಳಗುದಿ ಹತ್ತಿತು.

ಸಮುದ್ರ ಒಳಗೆ ಬಂದು ನಮ್ಮ ರಸ್ತೆಗಳನ್ನೆಲ್ಲ ನುಂಗಿದೆ. ಹಾಲು, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು, ಹೆಣ, ಎಲ್ಲವೂ ದೋಣಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ಬ್ಯಾಟರಿ ಕಳಚಿಡುತ್ತೇವೆ. ಮತ್ತೆ ನೀರಿಗಿಳಿಸುವ ಮುನ್ನ ‘ಬೆಳಕು ಮುಚ್ಚುವ’ ಪದ್ಧತಿಯಿದೆ. ಮೇಲೆ ತಾಡಪತ್ರಿ ಹೊದಿಸಿ ಒಬ್ಬರು ಕತ್ತಲಲ್ಲಿ ಒಳಗೆ ಕೂರುತ್ತಾರೆ. ಬಿಸಿಲು ತೂರಿ ಬಂದಲ್ಲೆಲ್ಲ ಅವರು ಕಡ್ಡಿ ಚುಚ್ಚಬೇಕು, ಹೊರಗಿನವರು ಅಲ್ಲಿಗೆ ರಾಳ ತುಂಬಬೇಕು. ನನ್ನ ಗಂಡ ಜಟ್ಟಪ್ಪ ಮುಚ್ಚಿದ ದೋಣಿಗೆ ಹನಿ ನೀರೂ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು, ಅವರಿಗೆ ಸ್ವಲ್ಪ ಹೆಚ್ಚೇ ಗೊತ್ತು.

ಒಳಗುದಿಯ ವಿಷಗಾಳಿ ಹೊರಹೋಗಲು ಬಿಡುವ ತೂತೇ ಉಸಿರುಗಂಡಿ. ನಿಮ್ಮ ಕಾಲದ ಒಂದು ನಕ್ಷೆ ನೋಡಿ ಕಟ್ಟಿದ, ಚಂಪಿ ನಡೆಸುವ ಈ ಹೊಸ ದೋಣಿಯಲ್ಲಿ ಅದು ಪಕ್ಕದ ಹಲಗೆಯಲ್ಲಿತ್ತು, ಯಾವ ಗುರುತೂ ಇರಲಿಲ್ಲ. ಅಲ್ಲೂ ಬಿಸಿಲು ತೂರಿತು, ಒಳಗಿನಿಂದ ಕಡ್ಡಿ ಬಂತು, ಸೋರುವ ತೂತೆಂದು ಜಟ್ಟಪ್ಪ ರಾಳ ತುಂಬಿದರು.

ನಡುನೀರಿನಲ್ಲಿ ಚಂಪಿಗೆ ಸಿಹಿಸಿಹಿ ವಾಸನೆ ಬಡಿಯಿತು. ಕಾಲಡಿಯ ಹಲಗೆ ಕಾಯುತ್ತಿತ್ತು. ದಡದಲ್ಲಿ ಜನ ತುಂಬಿದ ಧಕ್ಕೆಗೆ ಅಂಥ ದೋಣಿಯನ್ನು ತರಬಾರದು. ಅವಳು ಅಲ್ಲೇ ಲಂಗರು ಹಾಕಿ ಕೊಂಬು ಊದಿದಳು. ದಡದಿಂದ ಸಣ್ಣ ದೋಣಿಗಳು ಓಡಿಬಂದವು, ಅವಳ ದೋಣಿಯಲ್ಲಿದ್ದ ಮೀನು ಮಾರುವ ಹೆಂಗಸರು ಒಬ್ಬೊಬ್ಬರಾಗಿ ಅವುಗಳಿಗೆ ಇಳಿಯತೊಡಗಿದರು. ಗಂಡಿಯಿಂದ ಹೊಗೆ ಬರುತ್ತಿಲ್ಲ ಎಂಬುದು ಆಗ ಅವಳ ಕಣ್ಣಿಗೆ ಬಿತ್ತು. ವಿಷಗಾಳಿ ಒಳಗೇ ಉಳಿದರೆ ಬ್ಯಾಟರಿ ಪೆಟ್ಟಿಗೆ ಸಿಡಿಯುತ್ತದೆ, ಅದರ ಮೇಲೇ ಜನ ನಿಂತಿದ್ದರು. ಅವಳು ಅಂಚಿನಿಂದ ಕೆಳಗೆ ಬಗ್ಗಿ, ಕೊಕ್ಕೆಯಿಂದ ರಾಳ ಕೆತ್ತತೊಡಗಿದಳು.

ದಡದಲ್ಲಿ ಜಟ್ಟಪ್ಪ ಎದೆಮಟ್ಟದ ನೀರಿಗಿಳಿದು ಕೂಗುತ್ತಿದ್ದರು, “ಹಾರೇ ಮಗಾ! ದೋಣಿ ಹೋದ್ರೆ ಹೋಗ್ಲಿ, ಹಾರೇ!” ಅವಳು ತಿರುಗಿಯೂ ನೋಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟೇ ಬಂತು. ಕೊನೆಯ ಹೆಂಗಸು ಇಳಿಯುತ್ತಿದ್ದಾಗ ರಾಳ ಕಿತ್ತು ಬಿಳಿ ಹೊಗೆ ಶಿಳ್ಳೆ ಹಾಕುತ್ತ ನುಗ್ಗಿತು. ಚಂಪಿ ನೀರಿಗೆ ಬಿದ್ದಳು. ಪೆಟ್ಟಿಗೆ ಸಿಡಿಯಲಿಲ್ಲ.

ಜಟ್ಟಪ್ಪ ತಾವೇ ಅವಳನ್ನು ಹೊತ್ತು ತಂದರು. ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಅವಳು ಕಣ್ಣು ತೆರೆದು ಕೇಳಿದ್ದು ಒಂದೇ ಮಾತು, “ಅಪ್ಪಾ, ಗಂಡಿಗೆ ರಾಳ ಹಾಕ್ದೋರು ಯಾರು?”

ಹಿರಿಯರೇ, ಕೈಮುಗಿದು ಕೇಳುತ್ತೇನೆ. ಉಸಿರುಗಂಡಿಯನ್ನು ಪಕ್ಕದ ಹಲಗೆಯಲ್ಲಿಡಬೇಡಿ. ಕೊಳವೆ ಮಾಡಿ ತಲೆಗಿಂತ ಎತ್ತರಕ್ಕೆ ಒಯ್ಯಿರಿ, ಬಣ್ಣ ಬಳಿಯಿರಿ, ಕುರುಡನಿಗೂ ಅದು ತೂತಲ್ಲವೆಂದು ತಿಳಿಯಲಿ. ಜನ ಕೂರುವ ಜಾಗದ ಕೆಳಗೆ ಬ್ಯಾಟರಿ ಇಡಬೇಡಿ. ಶ್ರದ್ಧೆಯಿಂದ ಕೆಲಸ ಮಾಡುವವನ ಕೈಯಿಂದಲೂ ದೋಣಿಯನ್ನು ಕಾಪಾಡಿ.

ಚಂಪಿಗೆ ಈಗ ನಿದ್ದೆ ಹತ್ತಿದೆ. ಎದ್ದರೆ ಮತ್ತೆ ಕೇಳುತ್ತಾಳೆ. ಉತ್ತರ ಹೇಳಬೇಕೆಂದು ಅವರಪ್ಪ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಾರೆ.

ನಿಮ್ಮವಳೇ ಆದ,
ಬೊಮ್ಮಕ್ಕ ಅಂಬಿಗ