ಡೋರೀನಮ್ಮನ ಗಾಜಿನ ಗುಂಡುಗಳು

ಕಾಡುಗೋಡಿ
ಭಾನುವಾರ, ೨೯ ಡಿಸೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಸೊಂಟದ ನೋವು ಹೇಗಿದೆ? ವಾಕರ್ ಹಿಡಿದುಕೊಂಡು ಅಕ್ಕನ ಮನೆಯ ಹಿತ್ತಲ ಬಾಗಿಲವರೆಗೂ ನಡೆದೆಯಂತೆ, ಯಮುನಕ್ಕ ಹೇಳಿದಳು. ಸಮಾಧಾನವಾಯಿತು. ಆದರೆ ಬಚ್ಚಲಿಗೆ ಮಾತ್ರ ಒಬ್ಬಳೇ ಹೋಗಬೇಡ. ಬಿದ್ದದ್ದು ಅಲ್ಲಿಯೇ ಅನ್ನುವುದು ನೆನಪಿರಲಿ. ಈ ಸಲ ಚಳಿ ಜೋರಾಗಿದೆ, ಕಿವಿಗೆ ಮಫ್ಲರ್ ಸುತ್ತಿಕೊಂಡೇ ಮಲಗು. ಫೋನಿನಲ್ಲಿ ನನ್ನ ಮಾತು ನಿನಗೆ ಕೇಳಿಸುವುದಿಲ್ಲ. ಏನು ಹೇಳಿದರೂ "ಆಯ್ತಪ್ಪ, ಆಯ್ತು" ಅನ್ನುತ್ತೀಯ. ಮೊನ್ನೆ ಅಪ್ಪನಿಗೆ ಮೈ ಸರಿಯಿಲ್ಲ ಅಂದದ್ದಕ್ಕೆ "ಒಳ್ಳೇದಾಯ್ತು ಬುಡು" ಅಂದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೀನೇ ಓದು. ಕೃಪಾ ಅವರೆಕಾಯಿ ಸುಲಿದು ಹಿತುಕಿ ಡಬ್ಬಿಗೆ ತುಂಬಿದ್ದಾಳೆ. ನರೇಶ ಭಾವ ಈ ಕಡೆ ಬಂದರೆ ಕಾಗದದ ಜೊತೆ ಅದನ್ನೂ ಕಳಿಸುತ್ತೇನೆ.

ಅಂಗಡಿ ಖಾಲಿ ಮಾಡಿದ್ದು ನಿನಗೆ ಗೊತ್ತು. ಆ ಕಟ್ಟಡ ಕೆಡವುತ್ತಾರಂತೆ. ಮಾರಾಟವಾಗದೆ ಉಳಿದ ಕುರ್ಚಿ, ಕನ್ನಡಿ, ಗಡಿಯಾರಗಳನ್ನೆಲ್ಲ ಮನೆಗೇ ತಂದೆ. ಅವುಗಳಿಗೆ ಜಾಗ ಮಾಡಲು ಅಟ್ಟದ ಸಾಮಾನು ಇಳಿಸುವಾಗ ಸಿಕ್ಕಿದ್ದು ಡೋರೀನಮ್ಮನ ತಗಡಿನ ಪೆಟ್ಟಿಗೆ. ನಿನಗೆ ಅದರ ಮೇಲೆ ಯಾವಾಗಲೂ ಸಿಟ್ಟೇ ಇತ್ತು, ಉಪ್ಪಿನಕಾಯಿ ಭರಣಿ ಇಡುವ ಜಾಗ ತಿಂದಿದೆ ಎಂದು. ವೈಟ್‌ಫೀಲ್ಡ್‌ನ ಆಂಗ್ಲೋ ಇಂಡಿಯನ್ನರೆಲ್ಲ ಒಬ್ಬೊಬ್ಬರಾಗಿ ಆಸ್ಟ್ರೇಲಿಯಕ್ಕೆ ಹೊರಟಾಗ ಅಪ್ಪ ಅವರ ಮಂಚ, ಬೀರು, ಪಿಯಾನೊ ಕೊಂಡು ತಾನೇ ಅಂಗಡಿ ಬೆಳೆಸಿದ್ದು. ಡೋರೀನಮ್ಮ ಮಾತ್ರ ಎಲ್ಲ ಮಾರಿದ ಮೇಲೆ ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳ ಈ ಪೆಟ್ಟಿಗೆಯನ್ನು ಅಪ್ಪನ ಕೈಗಿಟ್ಟು, ಹಡಗಿನಲ್ಲಿ ಒಡೆದುಹೋಗುತ್ತದೆ, ಯಾರಾದರೂ ಬಂದು ತೆಗೆದುಕೊಂಡು ಹೋಗುತ್ತೇವೆ, ಅಲ್ಲಿಯವರೆಗೆ ಇಟ್ಟುಕೊಂಡಿರು ಅಂದಿದ್ದರು. ಆಗ ನಾನು ಚಿಕ್ಕವನು. ಯಾರೂ ಬರಲಿಲ್ಲ. ಅಪ್ಪ ಇಟ್ಟುಕೊಂಡೇ ಇದ್ದ.

ತೆರೆದು ನೋಡಿದಾಗ ನನಗೇನೂ ತಿಳಿಯಲಿಲ್ಲ ಅಮ್ಮಾ. ಈಗ ಇಲ್ಲಿನ ಅಪಾರ್ಟ್‌ಮೆಂಟುಗಳ ಗೇಟಿಗೆಲ್ಲ ಪ್ಲಾಸ್ಟಿಕ್ ಗುಂಡು ಕಟ್ಟುತ್ತಾರಲ್ಲ, ಅವುಗಳ ಮುಂದೆ ಇವು ಮಂಕು. ಬಣ್ಣ ಮಾಸಿತ್ತು, ಒಳಗಡೆ ಕಪ್ಪು ಚುಕ್ಕೆ ಬಿದ್ದಿತ್ತು. ಆದರೂ ನಾಲ್ಕು ಗುಂಡುಗಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿ ಶಿವಾಜಿನಗರಕ್ಕೆ, ಶ್ರೀಧರ್ ಅಂಗಡಿಗೆ ಹೋದೆ. ಹಳೇ ಗಾಜು, ಪಿಂಗಾಣಿ ಕೊಂಡು ಹೊರದೇಶಕ್ಕೆ ಮಾರುವವರು ಅವರು. ನಾನು ಕರವಸ್ತ್ರ ತೆಗೆದು ಧೂಳು ಒರೆಸಲು ಹೋದರೆ ಕೈ ಹಿಡಿದುಕೊಂಡರು. "ಅಯ್ಯೋ, ಮುಟ್ಬೇಡಿ ಸಾರ್! ಒದ್ದೆ ಬಟ್ಟೆ ಸೋಕಿದ್ರೆ ಬಣ್ಣ ಎದ್ದು ಬಂದ್ಬಿಡುತ್ತೆ. ಧೂಳಿದ್ರೆ ಇರ್ಲಿ, ಧೂಳಿಗೂ ಬೆಲೆ ಇದೆ" ಅಂದರು.

ಆಮೇಲೆ ಭೂತಗನ್ನಡಿ ಕೊಟ್ಟು ನನಗೂ ತೋರಿಸಿದರು. ಮೇಲಿನ ಲೋಹದ ಟೋಪಿ ತೆಗೆದರೆ ಗಾಜಿನ ಕತ್ತು ಕಾಣುತ್ತದೆ. ಅದು ಸೊಟ್ಟಪಟ್ಟ ಇದ್ದರೆ ಬಾಯಲ್ಲಿ ಊದಿ ಕೈಯಲ್ಲಿ ಕತ್ತರಿಸಿದ್ದು, ಒಂದೇ ಸಮ ಇದ್ದರೆ ಯಂತ್ರದ್ದು. ಒಳಗಡೆ ಬೆಳ್ಳಿಯ ನೀರು ಹೊಯ್ದಿರುತ್ತಾರೆ. ನಿಜವಾದ ಹಳೇದರಲ್ಲಿ ಅದು ಅಲ್ಲಲ್ಲಿ ಕಪ್ಪಾಗಿರಲೇಬೇಕು. ಹಳೇದರಂತೆ ಕಾಣಲಿ ಎಂದು ಈಚೆಗೆ ಮಾಡಿದ್ದರಲ್ಲಿ ಹೊರಗಿನ ಬಣ್ಣ ಕೆರೆದಿರುತ್ತಾರೆ, ಒಳಗೆ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಕಾಗದದ ಟೋಪಿಯ ಒಂದು ಗುಂಡಿಗೆ ಬೆಳ್ಳಿಯೇ ಇರಲಿಲ್ಲ, ಬರಿಗಾಜಿನ ಮೇಲೆ ಬಣ್ಣದ ಗೆರೆ. ಅದು ಎರಡನೇ ಮಹಾಯುದ್ಧದ ಕಾಲದ್ದಂತೆ, ಆಗ ಲೋಹಕ್ಕೆ ಬರ. ಬೆಂಗಳೂರಿಗೆ ಬಂದಿದ್ದ ಸೋಲ್ಜರುಗಳು ಯಾರೋ ಬಿಟ್ಟುಹೋಗಿರಬೇಕು ಅಂದರು. ಹಸಿರು ಬಣ್ಣದ ಇನ್ನೊಂದು ಕೈಯಲ್ಲಿ ಹಿಡಿದರೆ ಕಲ್ಲಿನಷ್ಟು ಭಾರ. ಅದರ ಹಸಿರು ಹೊರಗೆ ಬಳಿದದ್ದಲ್ಲ, ಗಾಜಿನದೇ. ಜರ್ಮನಿಯದು, ನಮ್ಮ ತಾತನಿಗಿಂತ ಹಳೇದು. ಅದನ್ನು ನೋಡುವಾಗ ಶ್ರೀಧರ್ ಮಾತು ನಿಲ್ಲಿಸಿದರು. ವ್ಯಾಪಾರದವನು ಮಾತು ನಿಲ್ಲಿಸಿದರೆ ಏನರ್ಥವೆಂದು ಅಪ್ಪನ ಮಗನಿಗೆ ಗೊತ್ತು. ಪೂರ್ತಿ ಪೆಟ್ಟಿಗೆ ಹೀಗೇ ಇದ್ದರೆ ಕೊಡುತ್ತೇನೆಂದು ಅವರು ಹೇಳಿದ ಬೆಲೆ ನಮ್ಮ ಅಂಗಡಿಯಲ್ಲಿ ಆರು ತಿಂಗಳು ಕೂತರೂ ಹುಟ್ಟುತ್ತಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಕೆಂಡಾಮಂಡಲವಾದ. "ಅದು ನಮ್ದಲ್ಲ ಕಣೋ. ನಂಬಿ ಕೊಟ್ಟೋದ ಸಾಮಾನು ಮಾರ್ಕೊಂಡ್ರೆ ಯಾವ ಮಕ ಒತ್ಕೊಂಡ್ ಈ ಊರಾಗೆ ತಿರ್ಗಾಡ್ಲಿ?" ಊಟ ಮಾಡಿದೆನೋ ಇಲ್ಲವೋ ಮರೆಯುವ ಅಪ್ಪ, ಆ ಪೆಟ್ಟಿಗೆ ಯಾರದು, ಯಾವ ಮನೆಯದು, ಮನೆಯ ಮುಂದೆ ಯಾವ ಮರವಿತ್ತು ಅನ್ನುವುದನ್ನೆಲ್ಲ ಹೇಳುತ್ತಿದ್ದ. ದಿನಾ ಸಂಜೆ ಅಟ್ಟದ ಕಡೆ ಕತ್ತೆತ್ತಿ "ಪೆಟ್ಗೆ ಐತೇನ್ಲಾ?" ಎಂದು ಕೇಳಿಯೇ ಕಾಫಿ ಕುಡಿಯುತ್ತಿದ್ದ. ಮಾರುವುದಾದರೆ ಕೇಳಿಯೇ ಮಾರೋಣ ಎಂದು ಕೃಪಾ ಫೇಸ್‌ಬುಕ್ಕಿನಲ್ಲಿ ಹುಡುಕಿದಳು. ವೈಟ್‌ಫೀಲ್ಡ್ ಬಿಟ್ಟುಹೋದವರದೇ ಒಂದು ಗುಂಪಿದೆಯಂತೆ. ಒಂದು ವಾರದಲ್ಲಿ ಡೋರೀನಮ್ಮನ ಮಗಳು ಮೌರೀನ್ ಸಿಕ್ಕಿದಳು. ಡೋರೀನಮ್ಮ ತೀರಿಹೋಗಿ ಐದು ವರ್ಷವಾಯಿತಂತೆ. ಕ್ರಿಸ್ಮಸ್ಸಿಗೆ ಬರುತ್ತೇನೆ, ಅಮ್ಮನ ಗುಂಡುಗಳನ್ನೆಲ್ಲ ಒಂದು ಸಲ ಒಟ್ಟಿಗೆ ನೋಡಬೇಕು, ನಮ್ಮ ಡ್ಯಾಡಿ ಮರದ ತುದಿಗೆ ಸಿಕ್ಕಿಸುತ್ತಿದ್ದ ಗಾಜಿನ ಹಕ್ಕಿಯೊಂದು ಸಾಕು, ಉಳಿದದ್ದನ್ನು ನೀವು ಮಾರಿ, ಬಂದದ್ದರಲ್ಲಿ ಇಬ್ಬರಿಗೂ ಅರ್ಧರ್ಧ ಎಂದು ಬರೆದಳು. ನಾನು ಅಪ್ಪನ ಕಿವಿಯ ಹತ್ತಿರ ಕೂತು ಹೇಳಿದೆ, ಡೋರೀನಮ್ಮನ ಮಗಳು ಬರುತ್ತಿದ್ದಾಳೆ, ಪೆಟ್ಟಿಗೆ ಒಪ್ಪಿಸಬಹುದು ಎಂದು. ಆ ದಿನ ಅಪ್ಪನ ಮುಖ ನೀನು ನೋಡಬೇಕಿತ್ತು. ತಾನೇ ಹೋಗಿ ಕ್ಷೌರ ಮಾಡಿಸಿಕೊಂಡು ಬಂದ.

ಅವಳು ಬರುವ ಹಿಂದಿನ ದಿನ ನಾನು ಎಲ್ಲದರ ಫೋಟೊ ತೆಗೆದುಕೊಂಡು, ಪೆಟ್ಟಿಗೆಯನ್ನು ಮಂಚದ ಮೇಲೇ ಬಿಟ್ಟು ಶ್ರೀಧರ್ ಹತ್ತಿರ ಹೋಗಿದ್ದೆ. ಯಾವುದಕ್ಕೆ ಮೂಲ ಟೋಪಿ ಇದೆ, ಯಾವುದರ ಕತ್ತು ಸೀಳಿದೆ ಎಂದು ಒಂದೊಂದಾಗಿ ನೋಡಿ ಬೆಲೆ ಕಟ್ಟಿದರು. ಕೃಪಾ ಮಧ್ಯಾಹ್ನ ರೇಷನ್ ಅಂಗಡಿಗೆ ಹೋಗಿದ್ದಳು. ನಾನು ಮೆಟ್ಟಿಲು ಹತ್ತಿ ಬಂದಾಗ ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಂಚೆ ಎತ್ತಿ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಬಕೆಟ್ಟು, ಸೋಪಿನ ಪುಡಿ, ಹುಣಸೆಹಣ್ಣು. ಹಬ್ಬಕ್ಕೆ ನೀನು ಹಿತ್ತಾಳೆ ಪಾತ್ರೆ ಬೆಳಗುವಾಗ ಅಪ್ಪ ನೀರು ಹೊಯ್ಯುತ್ತಿದ್ದನಲ್ಲ, ಹಾಗೆಯೇ. ಒಳಗೂ ತೊಳೆಯಬೇಕೆಂದು, ಬಿಗಿಯಾಗಿದ್ದ ಹಸಿರು ಗುಂಡಿನದೊಂದು ಬಿಟ್ಟು ಉಳಿದ ಟೋಪಿಗಳನ್ನೆಲ್ಲ ಕಿತ್ತು ಒಂದು ಲೋಟಕ್ಕೆ ಹಾಕಿದ್ದ. ಬಕೆಟ್ಟಿನ ನೀರು ಬಣ್ಣ ಕಲೆಸಿ ಬೂದಿಯಂತಾಗಿತ್ತು. ಚಾಪೆಯ ಮೇಲೆ ಸಾಲಾಗಿ ಬಿಸಿಲಿಗೆ ಇಟ್ಟಿದ್ದ ಗುಂಡುಗಳಲ್ಲಿ ಕೆಂಪಿಲ್ಲ, ಚಿನ್ನವಿಲ್ಲ, ಬೆಳ್ಳಿಯಿಲ್ಲ. ಬರೀ ಗಾಜು. ಹಕ್ಕಿಯ ಬಾಲದ ಗಾಜಿನ ನೂಲು ಕಿತ್ತು ಬಂದು ಅಪ್ಪನ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂದಿತ್ತು. ಅಪ್ಪನಿಗೆ ಅದರ ಅರಿವೇ ಇರಲಿಲ್ಲ. ನನ್ನನ್ನು ನೋಡಿ ನಕ್ಕ. "ನೋಡ್ ಮನು, ಎಂಗ್ ಒಳೀತಾವೆ. ಅಂಗೇ ಕೊಳೆ ಕೊಟ್ರೆ ಏನಂದ್ಕೊಂಡಾರು?"

ನಾನು ಕೂಗಾಡಿಬಿಟ್ಟೆ ಅಮ್ಮಾ. ಏನು ಕೂಗಿದೆನೋ ಸರಿಯಾಗಿ ನೆನಪಿಲ್ಲ, ಕೆಳಗಿನ ಬಾಡಿಗೆಯವರು ಹೊರಗೆ ಬಂದು ನೋಡಿದರು. ಅಪ್ಪನಿಗೆ ತನ್ನಿಂದ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಮಾತ್ರ ಗೊತ್ತಾಗಲಿಲ್ಲ. "ಒಂದೂ ಒಡ್ದಿಲ್ವಲ್ಲೋ" ಅಂದ. ನಿಜ, ಒಂದೂ ಒಡೆದಿರಲಿಲ್ಲ. ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ರಾತ್ರಿ ಮುದ್ದೆ ಕಲಸಿಕೊಟ್ಟರೂ ಮುಟ್ಟಲಿಲ್ಲ. ಶ್ರೀಧರ್‌ಗೆ ಫೋನ್ ಮಾಡಿದರೆ, ಇನ್ನು ಅದು ಔಷಧಿ ಬಾಟಲಿಯ ಗಾಜಿಗೆ ಸಮ, ಟೋಪಿ ಕದಲದ ಆ ಹಸಿರು ಗುಂಡೊಂದನ್ನು ಬೇಕಾದರೆ ಕೊಳ್ಳುತ್ತೇನೆ ಅಂದರು.

ಮಾರನೆಯ ದಿನ ಮೌರೀನ್ ಕ್ಯಾಬಿನಲ್ಲಿ ಬಂದಳು. ಕೂದಲು ನರೆತಿದೆ, ಥೇಟ್ ಅವಳ ತಾಯಿಯೇ. ಮೆಟ್ಟಿಲ ಮೇಲೆಯೇ ನಿಲ್ಲಿಸಿ ನಡೆದದ್ದೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು ಒಳಗೆ ಬಂದಳು. ಅಪ್ಪ ಬಿಳಿ ಅಂಗಿ ತೊಟ್ಟು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ. "ಬಾ ಡೋರೀನಮ್ಮಾ. ಎಷ್ಟ್ ತಡ ಮಾಡ್ಬುಟ್ಟೆ. ತಕೋ, ನಿನ್ ಸಾಮಾನು ನಿಂಗೆ ಒಪ್ಪುಸ್ದೆ" ಅಂದ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಚಿಕ್ಕಂದಿನ ಕನ್ನಡದಲ್ಲಿ, "ಥ್ಯಾಂಕ್ಯೂ ಬೈರಪ್ಪಾ. ಚೆನ್ನಾಗಿ ಇಟ್ಕೊಂಡಿದ್ದೀಯ" ಅಂದು ಪೆಟ್ಟಿಗೆ ತೆಗೆದುಕೊಂಡಳು. ಮುಚ್ಚಳ ತೆರೆದು ಒಂದೊಂದನ್ನೂ ಎತ್ತಿ ನೋಡಿದಳು. ಕೃಪಾ ತಂದ ಕಾಫಿ ಆರಿಹೋಯಿತು.

ಕೆಳಗೆ ಗೇಟಿನ ಹತ್ತಿರ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಅಳುತ್ತಲೇ, "ಸಾಯೋ ಮುಂಚೆ ಮಮ್ಮಿ ಇದನ್ನೇ ಕೇಳ್ತಿದ್ರು. ಒಂದು ಬೀಗ ಹಾಕೋಕೆ ಆಗ್ಲಿಲ್ವಾ ನಿಮ್ಗೆ?" ಅಂದಳು. ಹಸಿರು ಗುಂಡು ಬೆಲೆಬಾಳುವುದೆಂದು ಹೇಳಿ ಅದನ್ನೂ ಬಾಲವಿಲ್ಲದ ಹಕ್ಕಿಯನ್ನೂ ಸುತ್ತಿಕೊಟ್ಟೆ. ಬೆಲೆಯ ಮಾತು ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಉಳಿದದ್ದು ಬೇಡವೆಂದು ಪೆಟ್ಟಿಗೆಯ ಸಮೇತ ಬಿಟ್ಟುಹೋದಳು. ಅಪ್ಪನ ಕಣ್ಣಿಗೆ ಬೀಳಬಾರದೆಂದು ಬೆಳಗ್ಗೆ ಬೇಗ ಎದ್ದು, ಕಸದ ಗಾಡಿಯವರ ಕೈ ಕುಯ್ಯದ ಹಾಗೆ ಗೋಣಿಚೀಲದಲ್ಲಿ ಸುತ್ತಿ ಹಾಕಿ ಬಂದೆ.

ಒಪ್ಪಿಸಿದ ಮೇಲೆ ಅಪ್ಪ ನೆಮ್ಮದಿಯಾಗಿರುತ್ತಾನೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಕಾಯುವುದಕ್ಕೆ ಏನೂ ಉಳಿಯಲಿಲ್ಲವೋ ಏನೋ, ಒಂದು ವಾರದಲ್ಲಿ ಬಹಳ ಇಳಿದುಹೋಗಿದ್ದಾನೆ. ಸಂಜೆ ಏನನ್ನೂ ಕೇಳುವುದಿಲ್ಲ. ಕೂರಿಸಿದಲ್ಲಿ ಕೂರುತ್ತಾನೆ. ನಾನು ಹತ್ತಿರ ಹೋದರೆ ಹೆದರಿ ಕೈ ಹಿಂದೆ ಸರಿಸಿಕೊಳ್ಳುತ್ತಾನೆ. ಅದೇ ನನಗೆ ಸಂಕಟ ಅಮ್ಮಾ.

ಯಮುನಕ್ಕನಿಗೂ ಭಾವನಿಗೂ ನಮ್ಮ ನೆನಪುಗಳು. ನಿನ್ನ ಕಾಲಿಗೆ ನನ್ನ, ಕೃಪಾಳ ನಮಸ್ಕಾರ. ಮಾತ್ರೆ ತಪ್ಪಿಸಬೇಡ.

ನಿನ್ನ
ಮನು

ಮರೆತ ಮಾತು: ಮರೆತದ್ದೇನೂ ಅಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಮೂಳೆ ಕೂಡುವವರೆಗೆ ಹೇಳುವುದು ಬೇಡವೆಂದು ನಾನೂ ಅಕ್ಕನೂ ಮುಚ್ಚಿಟ್ಟಿದ್ದೆವು. ಅಪ್ಪನದು ವಯಸ್ಸಿನ ಮರೆವಲ್ಲ, ಕಾಯಿಲೆ. ಡಾಕ್ಟರು ಇನ್ನು ಬೇಗಬೇಗ ಹೆಚ್ಚುತ್ತದೆ ಅಂದಿದ್ದಾರೆ. ಇವತ್ತು ಬೆಳಗ್ಗೆ ನನ್ನನ್ನು "ನೀನ್ ಯಾರ್ ಮಗ್ನಪ್ಪಾ?" ಎಂದು ಕೇಳಿದ. "ಅಶ್ವತ್ಥಮ್ಮನ ಮಗ" ಅಂದೆ. "ಅವ್ಳೆಲ್ಲಿ? ಕರ್ಕೊಂಡ್ ಬಾ" ಅಂದ. ನಿನ್ನ ಹೆಸರು ಇನ್ನೂ ಗೊತ್ತಿದೆ ಅಮ್ಮಾ. ಕೆಳಗಿನ ಮುಂದಿನ ಮನೆ ಖಾಲಿ ಮಾಡಿಸಿದ್ದೇನೆ, ನೀನು ಮೆಟ್ಟಿಲು ಹತ್ತಬೇಕಾಗಿಲ್ಲ. ಶನಿವಾರ ಕಾರು ತರುತ್ತೇನೆ. ಸಂಕ್ರಾಂತಿ ಕಳೆಯಲಿ ಅನ್ನಬೇಡ.